ಇಳಿತದ ವೇಳೆಗೆ ಹೊಂದಿಸಿದ ಚಿಕಿತ್ಸೆ: ಅಘನಾಶಿನಿ ದಂಡೆಯ ಒಂದು ಮನೆಯ ಪ್ರಕರಣ

ನಮ್ಮ ಕೈಗೆ ಬಂದ ಕಡತದಲ್ಲಿ ಈ ಮಗುವಿನ ಬಗ್ಗೆ ಮೂರು ಸಂಗತಿಗಳಿದ್ದವು. ವಯಸ್ಸು 2 ವರ್ಷ 10 ತಿಂಗಳು. ರೋಗನಿರ್ಣಯ ಸೆರೆಬ್ರಲ್ ಪಾಲ್ಸಿ (ಎಳೆಯ ಮಿದುಳಿಗೆ ಆದ ಹಾನಿಯಿಂದ ಬರುವ ಚಲನೆಯ ತೊಂದರೆ), ನಾಲ್ಕೂ ಕೈಕಾಲುಗಳಲ್ಲಿ ಬಿಗಿತ, ಜೊತೆಗೆ ಫಿಟ್ಸ್. ಕೊನೆಯಲ್ಲಿ ಬೇರೆ ಶಾಯಿಯಲ್ಲಿ ಒಂದು ಸಾಲು: ‘ತಾಯಿ ಮನೆವ್ಯಾಯಾಮಕ್ಕೆ ಸಹಕರಿಸುತ್ತಿಲ್ಲ.’ ಮೊದಲೆರಡನ್ನು ವೈದ್ಯರು ಪರೀಕ್ಷಿಸಿ ಬರೆದಿದ್ದರು. ಮೂರನೆಯದನ್ನು ಯಾರೂ ಪರೀಕ್ಷಿಸಿರಲಿಲ್ಲ. ಅಂಗವೈಕಲ್ಯವಿರುವ ಚಿಕ್ಕ ಮಕ್ಕಳ ಕಡತಗಳಲ್ಲಿ ಈ ಸಾಲು ಬಹಳ ಸಲೀಸಾಗಿ ಬಂದು ಕೂರುತ್ತದೆ, ಒಮ್ಮೆ ಕೂತ ಮೇಲೆ ಏಳುವುದಿಲ್ಲ. ಮುಂದೆ ಕಡತ ತೆರೆದವರೆಲ್ಲ ಅದನ್ನೇ ಮೊದಲು ಓದುತ್ತಾರೆ. ಈ ಪ್ರಕರಣವನ್ನು ಬರೆಯುವುದಕ್ಕೆ ಆ ಸಾಲೇ ಕಾರಣ.

ನಾನು ಮಕ್ಕಳ ಫಿಸಿಯೋಥೆರಪಿ ಮಾಡುವವಳು. ಕುಮಟಾ, ಹೊನ್ನಾವರ ಕಡೆಯ ಊರುಗಳಿಗೆ ಮನೆಭೇಟಿಗೆ ಹೋಗುತ್ತೇನೆ. ಮನೆಯವರ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಮಗುವನ್ನು ಪುಟ್ಟ ಎಂದು ಕರೆಯುತ್ತೇನೆ. ಊರಿನ ಹೆಸರು ಬೇಡ. ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಅಳಿವೆಯ ದಂಡೆಯಲ್ಲಿ, ಗಜನಿ ಗದ್ದೆಗಳ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳ) ಕಟ್ಟೆಯ ಈಚೆ ಇರುವ ಊರುಗಳಲ್ಲಿ ಒಂದು ಎಂದರೆ ಸಾಕು.

ಮಗು ಮತ್ತು ಮನೆ

ಪುಟ್ಟ ಹುಟ್ಟಿದ್ದು ದಿನ ತುಂಬುವ ಮೊದಲು, 31 ವಾರಕ್ಕೆ. ತೂಕ 1.4 ಕೆ.ಜಿ. ಅತ್ತದ್ದು ತಡವಾಗಿ. ಪಕ್ಕದ ಜಿಲ್ಲೆಯ ಆಸ್ಪತ್ರೆಯಲ್ಲಿ ವಾರಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂದ. ಒಂಬತ್ತು ತಿಂಗಳಾದರೂ ಕೂರಲಿಲ್ಲ, ಕೈಮುಷ್ಟಿ ಬಿಚ್ಚಲಿಲ್ಲ, ಎತ್ತಿದರೆ ಎರಡೂ ಕಾಲು ಕತ್ತರಿಯಂತೆ ಒಂದರ ಮೇಲೊಂದು ಬರುತ್ತಿದ್ದವು. ಅಂಗನವಾಡಿಗೆ ವರ್ಷಕ್ಕೆರಡು ಬಾರಿ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡದ ವೈದ್ಯರು ಅದನ್ನು ಗುರುತಿಸಿ ಮುಂದೆ ಕಳುಹಿಸಿದರು. 2013ರಲ್ಲಿ ಆರಂಭವಾದ ಈ ತಪಾಸಣೆಯ ಬಗ್ಗೆ ದೂರು ಹೇಳುವವರು ಬಹಳ ಮಂದಿ. ಪುಟ್ಟನ ಮಟ್ಟಿಗೆ ಅದು ಮಾಡಬೇಕಾದದ್ದನ್ನು ಮಾಡಿತ್ತು. ಹದಿನಾಲ್ಕನೆಯ ತಿಂಗಳಿಗೆ ರೋಗನಿರ್ಣಯ ಆಗಿತ್ತು.

ನಾವು ನೋಡಿದ್ದು 2023ರ ಡಿಸೆಂಬರಿನಲ್ಲಿ. ಆಗ ಅವನ ತೂಕ 8.6 ಕೆ.ಜಿ. ಕತ್ತು ನಿಲ್ಲುತ್ತಿತ್ತು. ಆಸರೆ ಕೊಟ್ಟರೆ ಸ್ವಲ್ಪ ಹೊತ್ತು ಕೂರುತ್ತಿದ್ದ, ಬಿಟ್ಟರೆ ಹಿಂದಕ್ಕೆ ಸೆಟೆದು ಬೀಳುತ್ತಿದ್ದ. ಬಲಗೈ ಚಾಚಿ ವಸ್ತುವನ್ನು ಮುಟ್ಟಬಲ್ಲ, ಹಿಡಿಯಲಾರ. ಮಾತಿಲ್ಲ, ಆದರೆ ಅಕ್ಕ ಶಾಲೆಯಿಂದ ಬರುವ ಸದ್ದಿಗೆ ಅವನ ಇಡೀ ಮೈ ನಗುತ್ತಿತ್ತು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಚಲನೆಯನ್ನು ಐದು ಹಂತಗಳಲ್ಲಿ ಅಳೆಯುವ ಜಿಎಂಎಫ್‌ಸಿಎಸ್ ಎಂಬ ಕ್ರಮವಿದೆ. ಒಂದನೆಯ ಹಂತದ ಮಕ್ಕಳು ನಡೆದು ಓಡಾಡುತ್ತಾರೆ, ಐದನೆಯ ಹಂತದವರಿಗೆ ಕತ್ತಿನ ಹಿಡಿತವೂ ಕಷ್ಟ. ಪುಟ್ಟ ನಾಲ್ಕರಲ್ಲಿದ್ದ. ಇದರ ಅರ್ಥವೇನು ಎಂಬುದನ್ನು ಅಷ್ಟು ದಿನಗಳಲ್ಲಿ ಯಾರೂ ಆ ಮನೆಯಲ್ಲಿ ಕೂತು ಹೇಳಿರಲಿಲ್ಲ.

ಮನೆಯಲ್ಲಿ ಐವರು. ತಂದೆ ತದಡಿ ಬಂದರಿನ ಮೀನುಗಾರಿಕೆ ದೋಣಿಯಲ್ಲಿ ಕೆಲಸಕ್ಕೆ. ಹೋದರೆ ದಿನಗಟ್ಟಲೆ ಸಮುದ್ರದಲ್ಲೇ. ತಂದೆಯ ತಾಯಿಗೆ ಎರಡೂ ಮಂಡಿ ನೋವು, ಕೂತಲ್ಲಿಂದ ಮಗುವನ್ನು ಎತ್ತಿಕೊಂಡು ಏಳಲಾರರು. ಪುಟ್ಟನ ಅಕ್ಕ ಮೂರನೇ ತರಗತಿ. ತಾಯಿ ಅಳಿವೆಯಲ್ಲಿ ಬಳಚು ಆರಿಸುತ್ತಾರೆ. ಚಿಪ್ಪಿನೊಳಗಿನ ಆ ಜೀವಿಯನ್ನು ತಿನ್ನುವವರಿಗೆಲ್ಲ ಅದರ ರುಚಿ ಗೊತ್ತು, ಆರಿಸುವವರ ಬೆನ್ನು ಗೊತ್ತಿರುವವರು ಕಡಿಮೆ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್‌ಸರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಪಟ್ಟಿಗೆ ಸೇರಿತು. ಪತ್ರಿಕೆಗಳಲ್ಲಿ ಹಕ್ಕಿಗಳ ಚಿತ್ರ ಬಂತು. ಸೊಂಟದವರೆಗೆ ನೀರಿನಲ್ಲಿ ನಿಂತು ಕೆಸರು ಕೆದಕುವ ಹೆಂಗಸರ ದುಡಿಮೆಯೂ ಅದೇ ಅಳಿವೆಯದು.

ಗೋಡೆಯ ಮೇಲಿನ ಹಾಳೆ

ಮೊದಲ ಭೇಟಿಯಲ್ಲಿ ಗೋಡೆಗೆ ಅಂಟಿಸಿದ ಒಂದು ಹಾಳೆ ಕಂಡಿತು. ಆಸ್ಪತ್ರೆಯೊಂದು ಕೊಟ್ಟ ವ್ಯಾಯಾಮ ಪಟ್ಟಿ. ಹನ್ನೊಂದು ವ್ಯಾಯಾಮಗಳು, ಪ್ರತಿಯೊಂದೂ ಹತ್ತು ಸಲ, ದಿನಕ್ಕೆ ಮೂರು ಹೊತ್ತು: ಬೆಳಗ್ಗೆ 8, ಮಧ್ಯಾಹ್ನ 1, ಸಂಜೆ 6. ವ್ಯಾಯಾಮಗಳಲ್ಲಿ ತಪ್ಪಿರಲಿಲ್ಲ. ಪಠ್ಯಪುಸ್ತಕದ ಪ್ರಕಾರ ಎಲ್ಲವೂ ಸರಿ. ಹಾಳೆಯನ್ನು ತಾಯಿ ಪ್ಲಾಸ್ಟಿಕ್ ಹೊದಿಸಿ, ಒದ್ದೆಯಾಗದಂತೆ ಕಾಪಾಡಿಕೊಂಡಿದ್ದರು. ಸಹಕರಿಸದವರು ಹಾಗೆ ಮಾಡುವುದಿಲ್ಲ.

ತೊಡಕು ಇದ್ದದ್ದು ಗಂಟೆಗಳಲ್ಲಿ. ಬಳಚು ಸಿಗುವುದು ಇಳಿತದಲ್ಲಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿ ದಿನವೂ ವೇಳೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಬಹಳ ಕೆಳಗಿಳಿಯುತ್ತದೆ, ಕೆಲಸ ಜೋರು. ಅಷ್ಟಮಿಯ ಹೊತ್ತಿಗೆ ನೀರು ಅಷ್ಟಾಗಿ ಇಳಿಯುವುದಿಲ್ಲ, ಕೆಲಸ ಕಡಿಮೆ. ಈ ವಾರ ಬೆಳಗ್ಗೆ ಎಂಟಕ್ಕೆ ಮನೆಯಲ್ಲಿರುವ ತಾಯಿ ಮುಂದಿನ ವಾರ ಎಂಟಕ್ಕೆ ನೀರಿನಲ್ಲಿ ಇರುತ್ತಾರೆ. ಗೋಡೆಯ ಗಡಿಯಾರಕ್ಕೂ ಅವರ ದಿನಕ್ಕೂ ಸಂಬಂಧವೇ ಇಲ್ಲ. ಪಕ್ಕದಲ್ಲಿ ನೇತುಹಾಕಿದ ಕ್ಯಾಲೆಂಡರಿನ ತಿಥಿಗಳನ್ನು ನೋಡಿ ಅವರು ಬದುಕುತ್ತಾರೆ. ಆ ಪಟ್ಟಿ ಬರೆದವರು ತಾಯಿಯ ಕಸುಬು ಏನೆಂದು ಕೇಳಿದ್ದರೆ ಐದು ನಿಮಿಷದಲ್ಲಿ ತಿಳಿಯುವ ಸಂಗತಿ ಇದು.

ಇನ್ನೊಂದು ಸಂಗತಿ ಶಾಲೆಯ ಮಾಸ್ತರರಿಂದ ತಿಳಿಯಿತು. ಪುಟ್ಟನ ಅಕ್ಕ ಬುದ್ಧಿವಂತೆ, ಆದರೆ ಆಗಾಗ ಮೂರು ನಾಲ್ಕು ದಿನ ಸತತವಾಗಿ ಗೈರು. ಜ್ವರವಿರಬೇಕು ಎಂದುಕೊಂಡಿದ್ದರು. ಹಾಜರಿ ಪುಸ್ತಕವನ್ನು ಕ್ಯಾಲೆಂಡರಿನ ಪಕ್ಕದಲ್ಲಿಟ್ಟು ನೋಡಿದೆವು. ಗೈರುಹಾಜರಿ ಹೆಚ್ಚುಕಡಿಮೆ ಒಂದೇ ಲೆಕ್ಕದಲ್ಲಿ ಬಂದಿತ್ತು: ಅಮಾವಾಸ್ಯೆಯೋ ಹುಣ್ಣಿಮೆಯೋ ಕಳೆದು ತದಿಗೆಯಿಂದ ಷಷ್ಠಿಯವರೆಗೆ. ಆ ದಿನಗಳಲ್ಲಿ ಇಳಿತ ಶಾಲೆಯ ಹೊತ್ತಿಗೆ ಸರಿಯಾಗಿ ಬರುತ್ತದೆ, ನೀರೂ ಸಾಕಷ್ಟು ಇಳಿದಿರುತ್ತದೆ. ತಾಯಿ ಹೊಳೆಗೆ ಹೋಗುತ್ತಾರೆ, ಅಜ್ಜಿ ಮಗುವನ್ನು ಎತ್ತಲಾರರು, ಎಂಟು ವರ್ಷದ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಮಾಸ್ತರರು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಪುಟ್ಟನ ಅಂಗವೈಕಲ್ಯದ ಬೆಲೆಯನ್ನು ಅಕ್ಕನೂ ತೆರುತ್ತಿದ್ದಳು ಎಂಬುದು ಯಾವ ಕಡತದಲ್ಲೂ ಇರಲಿಲ್ಲ.

ಹಾಗಾಗಿ ನಮ್ಮ ಯೋಜನೆಯಲ್ಲಿ ಪುಟ್ಟನ ಸ್ನಾಯುಗಳಿಗಿಂತ ಮೊದಲು ಆ ಮನೆಯ ದಿನ ಬಂತು. ಯಾರು ಯಾವ ಹೊತ್ತಿನಲ್ಲಿ ಮಗುವನ್ನು ಮುಟ್ಟುತ್ತಾರೆ, ಎತ್ತುತ್ತಾರೆ, ತಿನ್ನಿಸುತ್ತಾರೆ, ಮಲಗಿಸುತ್ತಾರೆ ಎಂದು ಬರೆದುಕೊಂಡೆವು. ಅಲ್ಲಿ ಈಗಾಗಲೇ ನಡೆಯುತ್ತಿರುವ ಕೆಲಸವನ್ನು ಸ್ವಲ್ಪ ಬೇರೆ ರೀತಿ ಮಾಡುವುದು, ಹೊಸ ಕೆಲಸವನ್ನು ಸಾಧ್ಯವಾದಷ್ಟು ಸೇರಿಸದಿರುವುದು. ಗೋಡೆಯ ಹಾಳೆಯನ್ನು ನಾವು ತೆಗೆಯಿರಿ ಎನ್ನಲಿಲ್ಲ. ಕೆಲವು ತಿಂಗಳ ಮೇಲೆ ಅವರೇ ತೆಗೆದರು.

ಊಟ

ಎಲ್ಲಕ್ಕಿಂತ ತುರ್ತಾಗಿ ಬದಲಾಗಬೇಕಿದ್ದದ್ದು ಊಟ. ಅಜ್ಜಿ ಕಾಲು ಚಾಚಿ ಕೂತು, ಕಾಲುಗಳ ಮೇಲೆ ಪುಟ್ಟನನ್ನು ಅಂಗಾತ ಮಲಗಿಸಿ, ಗಂಜಿಯ ತಿಳಿಯನ್ನು ಚಮಚದಿಂದ ಬಾಯಿಗೆ ಬಿಡುತ್ತಿದ್ದರು. ಎಳೆಗೂಸಿಗೆ ಎಣ್ಣೆ ಹಚ್ಚಿ ಮೀಯಿಸುವ ಭಂಗಿ ಅದು. ಹೆತ್ತ ಮಕ್ಕಳನ್ನೂ ಮೊಮ್ಮಗಳನ್ನೂ ಹಾಗೆಯೇ ಸಾಕಿದವರು ಅವರು. ಆದರೆ ಪುಟ್ಟನ ಕತ್ತು ಹಿಂದಕ್ಕೆ ಬಾಗಿದಾಗ ಶ್ವಾಸನಾಳದ ಬಾಯಿ ತೆರೆದುಕೊಳ್ಳುತ್ತದೆ. ತಿಳಿಯಾದದ್ದು ಬಾಯಿಯಲ್ಲಿ ನಿಲ್ಲದೆ ವೇಗವಾಗಿ ಜಾರುತ್ತದೆ. ನುಂಗುವ ಹೊಂದಾಣಿಕೆ ಮೊದಲೇ ಕಡಿಮೆಯಿರುವ ಮಗುವಿಗೆ ಸ್ವಲ್ಪ ಸ್ವಲ್ಪವೇ ಶ್ವಾಸಕೋಶಕ್ಕೆ ಹೋಗುತ್ತದೆ. ಪ್ರತಿ ಊಟಕ್ಕೂ ಕೆಮ್ಮು, ಕಣ್ಣಲ್ಲಿ ನೀರು, ಒಂದು ಗಂಟೆಗೂ ಹೆಚ್ಚು ಹೊತ್ತು. ತಿಂಗಳು ಬಿಟ್ಟು ತಿಂಗಳು ಎದೆಯಲ್ಲಿ ಕಫ, ಆಸ್ಪತ್ರೆ, ಸೂಜಿ. ಮನೆಯವರು ಅದನ್ನು ಶೀತದ ಮೈ ಎಂದುಕೊಂಡಿದ್ದರು.

ಇದನ್ನು ಅಜ್ಜಿಗೆ ಹೇಳುವುದು ಹೇಗೆ ಎಂಬುದೇ ದೊಡ್ಡ ಪ್ರಶ್ನೆ. ‘ನೀವು ತಿನ್ನಿಸುವ ರೀತಿಯಿಂದ ಮಗುವಿಗೆ ಕಾಯಿಲೆ’ ಎಂದರೆ ಆ ಮನೆಗೆ ಮತ್ತೆ ಕಾಲಿಡುವ ಅಗತ್ಯವೇ ಬರುತ್ತಿರಲಿಲ್ಲ. ಅವರನ್ನೇ ಕತ್ತು ಹಿಂದಕ್ಕೆ ಚೆಲ್ಲಿ ಒಂದು ಗುಟುಕು ನೀರು ಕುಡಿಯಲು ಹೇಳಿದೆವು. ಆಮೇಲೆ ಗಲ್ಲ ಸ್ವಲ್ಪ ಕೆಳಗೆ ಮಾಡಿ ಇನ್ನೊಂದು ಗುಟುಕು. ಮೊದಲನೆಯದಕ್ಕೆ ಕೆಮ್ಮಿದರು. ‘ಅಯ್ಯೋ ತಂಗಿ, ಪಾಪದ ಮಗು ಹೇಳಲಾರದು’ ಎಂದರು. ಹೆಚ್ಚಿನ ವಿವರಣೆ ಬೇಕಾಗಲಿಲ್ಲ.

ಬದಲಾಯಿಸಿದ್ದು ಇಷ್ಟು. ಮಗು ನೆಟ್ಟಗೆ ಕೂರಬೇಕು, ಸೊಂಟ ಮಡಚಿರಬೇಕು, ಗಲ್ಲ ತುಸು ಎದೆಯ ಕಡೆಗಿರಬೇಕು. ತಿನ್ನಿಸುವವರು ಅವನ ಕಣ್ಣಿನ ಮಟ್ಟದಲ್ಲಿರಬೇಕು. ಮೇಲಿನಿಂದ ಚಮಚ ಬಂದರೆ ಅವನು ತಲೆ ಎತ್ತುತ್ತಾನೆ, ಮತ್ತೆ ಅದೇ ಕಥೆ. ಗಂಜಿಯ ತಿಳಿಯ ಬದಲು ಕುಚ್ಚಲಕ್ಕಿಯನ್ನು ಮೆತ್ತಗೆ ಬೇಯಿಸಿ ಕಡೆದು, ಚಮಚ ಓರೆ ಮಾಡಿದರೂ ತಕ್ಷಣ ಜಾರದಷ್ಟು ಗಟ್ಟಿ. ಮೀನನ್ನು ಮುಳ್ಳು ಬಿಡಿಸಿ ಅದರಲ್ಲೇ ನುರಿಯುವುದು, ಒಂದು ಚಮಚ ಕೊಬ್ಬರಿ ಎಣ್ಣೆ. ನೀರನ್ನೂ ಒಮ್ಮೆಲೇ ಸುರಿಯದೆ ಚಮಚದಲ್ಲಿ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಅಜ್ಜಿಯ ಸ್ನಾನವನ್ನು ಮಾತ್ರ ಇದ್ದಂತೆಯೇ ಉಳಿಸಿದೆವು. ಹಂಡೆಯ ಬಿಸಿನೀರು ಬಿದ್ದ ಮೇಲೆ ಬಿಗಿತ ಸಡಿಲವಾಗುತ್ತದೆ, ತೊಡೆ ಅಗಲಿಸುವುದಕ್ಕೂ ಪಾದವನ್ನು ಮೇಲಕ್ಕೆ ಮಡಚುವುದಕ್ಕೂ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಹನ್ನೊಂದು ವ್ಯಾಯಾಮಗಳಲ್ಲಿ ನಾಲ್ಕು ಸ್ನಾನದ ಕೋಣೆಗೆ ಹೋದವು. ಎರಡು, ಮಗುವನ್ನು ಎತ್ತಿಕೊಳ್ಳುವ ರೀತಿಯಲ್ಲಿ ಸೇರಿದವು: ಕೈಗಳ ಮೇಲೆ ಅಡ್ಡಡ್ಡ ಮಲಗಿಸಿ ಹೊರುವ ಬದಲು ಕಾಲುಗಳನ್ನು ಅಗಲಿಸಿ ಸೊಂಟದ ಮೇಲೆ ಕೂರಿಸಿಕೊಂಡರೆ, ಅಂಗಳದಿಂದ ಅಡುಗೆ ಮನೆಗೆ ಹೋಗುವಷ್ಟರಲ್ಲೇ ತೊಡೆಯ ಸ್ನಾಯುಗಳಿಗೆ ಎಳೆತ ಸಿಗುತ್ತದೆ.

ಕೂರಿಸುವುದಕ್ಕೆ ಕುರ್ಚಿ ಬೇಕಿತ್ತು. ಅಂಗವಿಕಲರ ಶಿಬಿರವೊಂದರಲ್ಲಿ ಅವರಿಗೆ ಒಂದು ಗಾಲಿಕುರ್ಚಿ ಸಿಕ್ಕಿತ್ತು, ವಯಸ್ಕರ ಅಳತೆಯದು. ಪುಟ್ಟ ಅದರಲ್ಲಿ ಕೂತರೆ ಒಂದು ಮೂಲೆಗೆ ಕುಸಿಯುತ್ತಿದ್ದ. ಅದರ ಮೇಲೆ ಬಲೆ ಒಣಗಿಸುತ್ತಿದ್ದರು, ಅದೇ ಸರಿಯಾದ ಉಪಯೋಗ. ಸೊಂಟ, ಮೊಣಕಾಲು, ಹಿಮ್ಮಡಿ ಮೂರೂ 90 ಡಿಗ್ರಿಯಲ್ಲಿ ನಿಲ್ಲುವ, ಎರಡು ಬದಿಗೆ ಆಸರೆಯಿರುವ, ತೊಡೆಗಳ ನಡುವೆ ಒಂದು ಮರದ ತುಂಡು ಇರುವ, ಮುಂದೆ ಹಲಗೆಯಿರುವ ಕುರ್ಚಿಯ ನಕ್ಷೆ ಬರೆದುಕೊಟ್ಟೆವು. ಮಾಡಿದವರು ದೋಣಿ ಕಟ್ಟುವ ಬಡಗಿ. ಅವರು ನಕ್ಷೆಯನ್ನು ನೋಡಿ, ಪಕ್ಕಕ್ಕಿಟ್ಟು, ಮಗುವನ್ನೇ ಕರೆಸಿ ದಾರದಿಂದ ಅಳತೆ ತೆಗೆದರು. ಅಂಚುಗಳನ್ನು ದೋಣಿಯ ಅಂಚಿನಂತೆ ಉರುಟಾಗಿ ಉಜ್ಜಿ, ದೋಣಿಗೆ ಬಳಿಯುವ ಬಣ್ಣವನ್ನೇ ಬಳಿದರು. ಅನ್ನ ಮೆತ್ತಿದರೆ ಒರೆಸಿ ತೆಗೆಯಬಹುದು, ಉಪ್ಪುಗಾಳಿಗೆ ಹಾಳಾಗುವುದಿಲ್ಲ. ನಾನು ಆಸ್ಪತ್ರೆಗಳಲ್ಲಿ ನೋಡಿದ ಎಷ್ಟೋ ದುಬಾರಿ ಕುರ್ಚಿಗಳಿಗಿಂತ ಅದು ಚೆನ್ನಾಗಿದೆ.

ಫಿಟ್ಸ್ ವಿಚಾರ ಸಣ್ಣದಾಗಿ ಹೇಳುತ್ತೇನೆ. ಔಷಧ ಮುಗಿದಾಗಲೆಲ್ಲ ತಂದೆ ಸಮುದ್ರದಲ್ಲಿರುತ್ತಿದ್ದರು, ನಾಲ್ಕೈದು ದಿನ ತಪ್ಪುತ್ತಿತ್ತು, ಆ ವಾರವೇ ಫಿಟ್ಸ್ ಬರುತ್ತಿತ್ತು. ಒಂದು ಬಾಟಲಿ ಯಾವಾಗಲೂ ಹೆಚ್ಚುವರಿ ಇರಬೇಕು, ಅದನ್ನು ತೆರೆದ ದಿನವೇ ಆಶಾ ಕಾರ್ಯಕರ್ತೆಗೆ ಹೇಳಬೇಕು ಎಂದು ಗೊತ್ತುಪಡಿಸಿದೆವು. ಫಿಟ್ಸ್ ಬಂದಾಗ ಅಂಗೈಗೆ ಕಬ್ಬಿಣದ ಬೀಗದಕೈ ಇಡುವುದು ಆ ಮನೆಯ ರೂಢಿ. ಅದರಿಂದ ಹಾನಿಯಿಲ್ಲ, ಬಾಯಿಗೆ ಚಮಚ ತುರುಕುವುದರಿಂದ, ನೀರು ಹಾಕುವುದರಿಂದ ಹಾನಿಯಿದೆ. ಬೀಗದಕೈ ಬೇಕಿದ್ದರೆ ಇರಲಿ, ಮೊದಲು ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಿ ಎಂದೆವು. ಅಜ್ಜಿ ಎರಡನ್ನೂ ಪಾಲಿಸುತ್ತಾರೆ.

ಮೂರು ತುಂಬಿದ ಮೇಲೆ

ಅಂಗನವಾಡಿಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಆಹಾರವನ್ನು ಮನೆಗೆ ಕೊಡುತ್ತಾರೆ. ಮೂರರಿಂದ ಆರರವರೆಗಿನವರು ಕೇಂದ್ರಕ್ಕೆ ಬಂದು ಬಿಸಿಯೂಟ ಮಾಡಬೇಕು. ನಡೆಯುವ ಮಗುವಿಗೆ ಇದು ಬೆಳವಣಿಗೆಯ ಮೆಟ್ಟಿಲು. ನಡೆಯಲಾರದ, ಯಾರೂ ಕರೆದುಕೊಂಡು ಹೋಗದ ಮಗುವಿನ ಆಹಾರವೇ ಹುಟ್ಟುಹಬ್ಬದಂದು ನಿಂತುಹೋಗುತ್ತದೆ. ಪುಟ್ಟನಿಗೆ ಮೂರು ತುಂಬುವುದು 2024ರ ಫೆಬ್ರುವರಿಯಲ್ಲಿತ್ತು.

ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ದಿವ್ಯಾಂಗ ಮಕ್ಕಳಿಗಾಗಿ ಅಂಗನವಾಡಿ ಮಾರ್ಗಸೂಚಿಯನ್ನು ಹೊರಡಿಸಿತ್ತು: ಬೇಗ ಗುರುತಿಸಿ, ಕೇಂದ್ರದೊಳಕ್ಕೆ ಸೇರಿಸಿಕೊಳ್ಳಿ, ಕುಟುಂಬದ ಜೊತೆ ನಿಲ್ಲಿ ಎಂದು. ಅದನ್ನು ಹಿಡಿದುಕೊಂಡು ಹೋಗಿ ಕಾರ್ಯಕರ್ತೆಯ ಮುಂದೆ ಇಡಬಹುದಿತ್ತು. ಇಡಲಿಲ್ಲ. ಅವರು ಕೆಟ್ಟವರಲ್ಲ, ಹೆದರಿದವರು. ‘ಅಕ್ಕೋರೆ, ಇಲ್ಲಿ ಇಪ್ಪತ್ತು ಮಕ್ಕಳಿದ್ದಾರೆ. ಇವನಿಗೆ ಫಿಟ್ಸ್ ಬಂದರೆ ನಾನು ಯಾರನ್ನು ನೋಡಲಿ?’ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಸುತ್ತೋಲೆಯಲ್ಲಿ ಅದಕ್ಕೆ ಉತ್ತರವಿಲ್ಲ, ಇನ್ನೊಬ್ಬ ಮನುಷ್ಯರಲ್ಲಿ ಮಾತ್ರ ಇದೆ. ಅಜ್ಜಿ ಮೊದಲ ತಿಂಗಳು ಜೊತೆಯಲ್ಲಿ ಕೂರುವುದೆಂದಾಯಿತು. ಮಂಡಿನೋವಿನ ಅಜ್ಜಿಯನ್ನೂ ಮಗುವನ್ನೂ ಕುರ್ಚಿಯನ್ನೂ ಕರೆತರಲು ಪಕ್ಕದ ಮನೆಯವರ ರಿಕ್ಷಾ. ಊಟ ಕೊಡುವ ರೀತಿಯನ್ನು ಕಾರ್ಯಕರ್ತೆಗೂ ಸಹಾಯಕಿಗೂ ಅಜ್ಜಿಯೇ ಕಲಿಸಿದರು, ಕತ್ತು ಚೆಲ್ಲಿ ನೀರು ಕುಡಿಸುವ ಪಾಠದ ಸಮೇತ. ಅವರಷ್ಟು ಕಟ್ಟುನಿಟ್ಟಿನ ತರಬೇತುದಾರರನ್ನು ನಾನು ಕಂಡಿಲ್ಲ.

ಮೊದಲ ವಾರವೇ ಒಂದು ಅವಘಡ ಸ್ವಲ್ಪದರಲ್ಲಿ ತಪ್ಪಿತು. ಪ್ರೀತಿಯಿಂದ ಒಬ್ಬ ಹುಡುಗ ತನ್ನ ಬಾಳೆಹಣ್ಣಿನ ತುಂಡನ್ನು ಪುಟ್ಟನ ಬಾಯಿಗೆ ಇಟ್ಟುಬಿಟ್ಟ. ಸಹಾಯಕಿ ಬೆರಳು ಹಾಕಿ ತೆಗೆದರು. ಅಂದಿನಿಂದ ಮಕ್ಕಳಿಗೊಂದು ನಿಯಮ: ಪುಟ್ಟನಿಗೆ ಏನು ಕೊಡುವುದಿದ್ದರೂ ಹಲಗೆಯ ಮೇಲೆ ಇಡಬೇಕು, ಬಾಯಿಗಲ್ಲ. ಈ ನಿಯಮದಿಂದ ನಿರೀಕ್ಷಿಸದ ಲಾಭವೊಂದಾಯಿತು. ಹಲಗೆಯ ಮೇಲೆ ದಿನವಿಡೀ ಚಿಪ್ಪು, ಎಲೆ, ಬಣ್ಣದ ಕಡ್ಡಿ ಬಂದು ಬೀಳತೊಡಗಿದವು. ಅವನು ಬಲಗೈ ಚಾಚುತ್ತಲೇ ಇದ್ದ. ನಾನು ಕೊಡಬಹುದಾಗಿದ್ದ ಕೈ ವ್ಯಾಯಾಮಕ್ಕಿಂತ ಹೆಚ್ಚಿನ ಪುನರಾವರ್ತನೆ ಅಲ್ಲಿ ನಡೆಯಿತು.

ಪುಟ್ಟ ಅಂಗನವಾಡಿಯಲ್ಲಿ ಇರುವ ಹೊತ್ತಿನಲ್ಲಿ ಅಕ್ಕ ಶಾಲೆಯಲ್ಲಿ ಇರಬಹುದು ಎಂಬುದು ನಮ್ಮ ಲೆಕ್ಕದಲ್ಲಿ ಮೊದಲಿನಿಂದಲೂ ಇತ್ತು. ಇಳಿತ ಬಹಳ ಬೇಗ ಬರುವ ದಿನಗಳಲ್ಲಿ ಸಾಲುವುದಿಲ್ಲ, ಆ ದಿನಗಳಿಗೆ ಚಿಕ್ಕಮ್ಮ ಬರುತ್ತಾರೆ. ಮಾಸ್ತರರು ಈಗ ಅವಳ ಗೈರುಹಾಜರಿಯನ್ನು ತಿಥಿಯ ಜೊತೆಗೆ ಬರೆದಿಟ್ಟುಕೊಳ್ಳುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ.

ಮಳೆಗಾಲ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹೊಳೆ ಕೆಂಪಾಗಿ ಬರುವ ಹೊತ್ತಿಗೆ ಬಳಚಿನ ಕೆಲಸವೂ ನಿಲ್ಲುತ್ತದೆ. ದುಡಿಮೆಯಿಲ್ಲದ, ಸಾಲ ಬೆಳೆಯುವ ತಿಂಗಳುಗಳು. ಆದರೆ ತಂದೆ ತಾಯಿ ಇಬ್ಬರೂ ಒಟ್ಟಿಗೆ ಮನೆಯಲ್ಲಿರುವುದು ಆಗ ಮಾತ್ರ. ತಂದೆಗೆ ಕಲಿಸುವುದನ್ನೆಲ್ಲ ಮಳೆಗಾಲಕ್ಕೆ ಇಟ್ಟುಕೊಂಡಿದ್ದೆವು.

ಮೊದಲ ದಿನ ಅವರು ಬಾಗಿಲ ಬಳಿ ನಿಂತೇ ಇದ್ದರು. ಕೇಳಿದ ಮೊದಲ ಪ್ರಶ್ನೆ: ‘ನಡೆಯುತ್ತಾನೆಯೋ ಇಲ್ಲವೋ, ಅದೊಂದು ಹೇಳಿ.’ ಆ ಪ್ರಶ್ನೆಯನ್ನು ಅವರು ಹಲವು ಕಡೆ ಕೇಳಿದ್ದರು. ಎಲ್ಲೆಡೆಯೂ ‘ವ್ಯಾಯಾಮ ಮಾಡಿಸಿ, ನೋಡೋಣ’ ಎಂಬ ಉತ್ತರ. ಅದು ದಯೆಯಂತೆ ಕಾಣುತ್ತದೆ. ನಡೆಯದಿದ್ದರೆ ವ್ಯಾಯಾಮ ಮಾಡಿಸದ ತಾಯಿಯೇ ಹೊಣೆ ಎಂಬ ತೀರ್ಪು ಅದರೊಳಗೆ ಅಡಗಿರುತ್ತದೆ. ಆ ಮನೆಯಲ್ಲಿ ಗಂಡ ಹೆಂಡತಿಯ ನಡುವೆ ಎರಡು ವರ್ಷ ಆ ತೀರ್ಪು ಕೂತಿತ್ತು.

ಇದ್ದದ್ದನ್ನು ಹೇಳಿದೆವು. ಎರಡು ವರ್ಷದೊಳಗೆ ಸ್ವಂತವಾಗಿ ಕೂರದ, ನಾಲ್ಕನೆಯ ಹಂತದ ಮಕ್ಕಳು ಮುಂದೆ ಆಸರೆಯಿಲ್ಲದೆ ನಡೆಯುವ ಸಾಧ್ಯತೆ ತೀರಾ ಕಡಿಮೆ. ಅವನಿಗೆ ಗಾಲಿಕುರ್ಚಿ ಬೇಕಾಗುತ್ತದೆ. ಚೆನ್ನಾಗಿ ಕೂರುವುದು, ಕೈಯಿಂದ ಏನಾದರೂ ಮಾಡುವುದು, ತನಗೆ ಬೇಕಾದದ್ದನ್ನು ತಿಳಿಸುವುದು, ನೋವಿಲ್ಲದೆ ಇರುವುದು, ಶಾಲೆಗೆ ಹೋಗುವುದು, ಇವುಗಳಿಗೆ ಕೆಲಸ ಮಾಡಬಹುದು. ಇದು ಯಾರ ತಪ್ಪಿನಿಂದಲೂ ಆದದ್ದಲ್ಲ. ಗ್ರಹಣದ ದಿನ ತಾಯಿ ಹೊರಗೆ ಹೋದದ್ದರಿಂದಲೂ ಅಲ್ಲ. ಗ್ರಹಣದ ಮಾತನ್ನು ನಾವು ತೆಗೆದದ್ದಲ್ಲ, ತಾಯಿಯೇ ಕೇಳಿದರು. ಹೆರಿಗೆಯಾದಾಗಿನಿಂದ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ತಂದೆ ಏನೂ ಹೇಳದೆ ಹೊರಗೆ ಹೋದರು. ಮರುದಿನದಿಂದ ಸ್ನಾನ ಮಾಡಿಸುವ ಕೆಲಸ ಅವರದಾಯಿತು. ಅಜ್ಜಿ ಮಗನಿಗೆ ಅದನ್ನು ಕಲಿಸುವಾಗ ನಾವು ದೂರವಿದ್ದೆವು.

ಕಾಗದಪತ್ರದ ಕೆಲಸವನ್ನೂ ಆಗಲೇ ಮುಗಿಸುವ ಆಸೆಯಿತ್ತು. ಅದರ ಭಾರ ಹೊತ್ತವರು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಇರುವ ಈ ಕಾರ್ಯಕರ್ತರು ಸ್ವತಃ ಅಂಗವಿಕಲರು. ಇವರಿಗೆ ಬಾಲ್ಯದ ಪೋಲಿಯೋದಿಂದ ಒಂದು ಕಾಲು ಸಣ್ಣ. ಯಾವ ಕಚೇರಿಯ ಮೆಟ್ಟಿಲು ಎಷ್ಟು ಎತ್ತರ, ಯಾವ ಗುಮಾಸ್ತರು ಯಾವ ಹೊತ್ತಿಗೆ ಸಿಗುತ್ತಾರೆ ಎಂಬುದು ಅವರಿಗೆ ಗೊತ್ತು. ಮಗುವಿನ ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ. ಅದನ್ನು ಸರಿಪಡಿಸುವುದರಲ್ಲೇ ವಾರಗಳು ಹೋದವು. ಕಾರವಾರದಲ್ಲಿ ತಜ್ಞರ ತಪಾಸಣೆಗೆ ದಿನ ಗೊತ್ತಾದದ್ದು ಜುಲೈ ಮೂರನೆಯ ವಾರಕ್ಕೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು, ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತು. ಕುಮಟಾದಿಂದ ಕಾರವಾರಕ್ಕೆ ಸುಮಾರು 70 ಕಿ.ಮೀ.; ಆ ದಿನಗಳಲ್ಲಿ ಅದು ಬೇರೆ ದೇಶದಷ್ಟು ದೂರವಾಗಿತ್ತು. ತಪಾಸಣೆ ತಪ್ಪಿತು.

ಸೆಪ್ಟೆಂಬರಿನಲ್ಲಿ ಕೊಂಕಣ ರೈಲಿನಲ್ಲಿ ಹೋದರು. ಕಾರವಾರದ ನಿಲ್ದಾಣ ಪೇಟೆಯಲ್ಲಿಲ್ಲ, ಶಿರವಾಡದಲ್ಲಿದೆ, ಅಲ್ಲಿಂದ ರಿಕ್ಷಾ. ಶೇ 80 ಎಂದು ಪ್ರಮಾಣಪತ್ರ ಸಿಕ್ಕಿತು, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಬಂತು. ಶೇ 75ಕ್ಕಿಂತ ಹೆಚ್ಚಿದ್ದುದರಿಂದ ತಿಂಗಳಿಗೆ 1,400 ರೂಪಾಯಿ ಮಾಸಾಶನ ಮಂಜೂರಾಯಿತು. ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಗೂ ಅರ್ಜಿ ಹಾಕಿದೆವು. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ. ಥೆರಪಿಯ ಖರ್ಚೂ ಅದರಲ್ಲಿ ಬರುತ್ತದೆ. ಅಂಗವೈಕಲ್ಯ ಪ್ರಮಾಣಪತ್ರವಿರುವ ಎಷ್ಟೋ ಮನೆಗಳಿಗೆ ಇದರ ಹೆಸರೇ ಗೊತ್ತಿಲ್ಲ. ಪಂಚಾಯಿತಿ ತನ್ನ ಸ್ವಂತ ಆದಾಯದಲ್ಲಿ ಅಂಗವಿಕಲರಿಗಾಗಿ ಮೀಸಲಿಡಬೇಕಾದ ಶೇ 5ರಿಂದ ಅಂಗನವಾಡಿಗೆ ಒಂದು ಇಳಿಜಾರು ದಾರಿ ಆಯಿತು, ಇನ್ನೊಂದು ಕುರ್ಚಿಯೂ ಆಯಿತು. ಅದನ್ನು ಮಾಡಿದವರೂ ಅದೇ ಬಡಗಿ.

ತಾಯಿ

ಇಷ್ಟರಲ್ಲಿ ತಾಯಿಯ ಬಗ್ಗೆ ಬರೆದದ್ದೆಲ್ಲ ಅವರು ಯಾರಿಗಾಗಿ ಏನು ಮಾಡುತ್ತಾರೆ ಎಂಬುದೇ ಆಯಿತು. ನಮ್ಮ ಕೆಲಸದ ರೋಗವೂ ಅದೇ. ಮದುವೆ ಮನೆಗೆ ಹೋಗುವುದನ್ನು ಅವರು ಬಿಟ್ಟಿದ್ದರು, ಏಕೆಂದರೆ ಎಲ್ಲರೂ ಔಷಧ ಹೇಳುತ್ತಾರೆ. ತವರಿಗೆ ಹೋಗುವುದನ್ನೂ ಕಡಿಮೆ ಮಾಡಿದ್ದರು. ಕುಮಟಾದಲ್ಲಿ ಇಂಥ ಮಕ್ಕಳ ತಾಯಂದಿರು ತಿಂಗಳಿಗೊಮ್ಮೆ ಸೇರುತ್ತಾರೆ. ಕರೆದಾಗಲೆಲ್ಲ ಇವರು ಬರುತ್ತೇನೆ ಎನ್ನುತ್ತಿದ್ದರು, ಬರುತ್ತಿರಲಿಲ್ಲ. 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ ಉಚಿತವಾದ್ದರಿಂದ ದುಡ್ಡಿನ ತೊಂದರೆ ಇರಲಿಲ್ಲ. ಸಭೆ ಎರಡನೆಯ ಶನಿವಾರ ಎಂದು ಗೊತ್ತುಮಾಡಿದ್ದೇ ತೊಂದರೆ. ಅಳಿವೆಯ ದಂಡೆಯಿಂದ ಬರುವವರು ಇವರೊಬ್ಬರೇ ಅಲ್ಲ ಎಂದು ಗೊತ್ತಾದ ಮೇಲೆ ಸಭೆಯನ್ನು ಅಷ್ಟಮಿಯ ಆಸುಪಾಸಿಗೆ ಬದಲಾಯಿಸಲಾಯಿತು. ಘಟ್ಟದ ಮೇಲಿನವರು ಮೊದಲು ಗೊಣಗಿದರು, ಆಮೇಲೆ ಒಪ್ಪಿದರು. ಆಸ್ಪತ್ರೆಯ ದಿನಗಳನ್ನೂ ಸಾಧ್ಯವಾದರೆ ಹಾಗೆಯೇ ಕೇಳಿಕೊಳ್ಳುತ್ತೇವೆ.

ಆ ಸಭೆಗಳಲ್ಲಿ ಏನು ಮಾತಾಗುತ್ತದೆ ಎಂಬುದು ನನಗೆ ಪೂರ್ತಿ ತಿಳಿಯದು. ಅರ್ಧ ಹೊತ್ತು ನಮ್ಮನ್ನು ಹೊರಗೆ ಕಳುಹಿಸುತ್ತಾರೆ. ಒಮ್ಮೆ ಇವರು ಅಲ್ಲಿಂದ ಬಂದು, ಪುಟ್ಟನಿಗೆ ಬೇಕು ಎನ್ನುವುದಕ್ಕೆ ಮೇಲೆ ನೋಡುವುದನ್ನೂ ಬೇಡ ಎನ್ನುವುದಕ್ಕೆ ಕಣ್ಣು ಮುಚ್ಚುವುದನ್ನೂ ಕಲಿಸತೊಡಗಿದರು. ಹೊನ್ನಾವರ ಕಡೆಯ ಇನ್ನೊಬ್ಬ ತಾಯಿ ಹೇಳಿಕೊಟ್ಟದ್ದಂತೆ. ನಾವು ಅದನ್ನು ಯೋಜನೆಯಲ್ಲಿ ಆರು ತಿಂಗಳ ನಂತರಕ್ಕೆ ಬರೆದಿದ್ದೆವು.

ಈಗಿನ ಸ್ಥಿತಿ

2025ರ ಆರಂಭದಲ್ಲಿ ತೂಕ 11.2 ಕೆ.ಜಿ. ವಯಸ್ಸಿಗೆ ಇನ್ನೂ ಕಡಿಮೆಯೇ. ಊಟಕ್ಕೆ ಅರ್ಧ ಗಂಟೆ ಸಾಕು. ಎದೆಯ ಕಫಕ್ಕಾಗಿ ಆಸ್ಪತ್ರೆಗೆ ಸೇರಿಸುವುದು ಅಪರೂಪವಾಗಿದೆ. ಕುರ್ಚಿಯಲ್ಲಿ ಒಂದು ಗಂಟೆಯಷ್ಟು ಕೂರುತ್ತಾನೆ, ಚಿಪ್ಪುಗಳನ್ನು ಬಲಗೈಯಿಂದ ತಳ್ಳಿ ಕೆಳಗೆ ಬೀಳಿಸುತ್ತಾನೆ, ಯಾರಾದರೂ ಎತ್ತಿಕೊಡುವವರೆಗೆ ಕೂಗುತ್ತಾನೆ. ಫಿಟ್ಸ್ ನಿಂತಿಲ್ಲ, ಕಡಿಮೆಯಾಗಿದೆ. ಹನ್ನೊಂದರಲ್ಲಿ ಐದು ವ್ಯಾಯಾಮಗಳನ್ನು ನಾವೇ ಕೈಬಿಟ್ಟೆವು. ಅವುಗಳಿಗೆ ಆ ಮನೆಯ ದಿನದಲ್ಲಿ ಜಾಗ ಸಿಗಲಿಲ್ಲ, ಬಿಟ್ಟದ್ದರಿಂದ ನಷ್ಟವಾದಂತೆ ಇದುವರೆಗೆ ಕಂಡಿಲ್ಲ.

ಆಗದಿರುವುದೂ ಬಹಳವಿದೆ. ಈ ಹಂತದ ಮಕ್ಕಳ ಸೊಂಟದ ಕೀಲು ನಿಧಾನವಾಗಿ ಜಾರುವ ಅಪಾಯ ಹೆಚ್ಚು, ಮೊದಮೊದಲು ನೋವೂ ಇರುವುದಿಲ್ಲ. ಅದಕ್ಕಾಗಿ ಕಾಲಕಾಲಕ್ಕೆ ಎಕ್ಸ್‌ರೇ ತೆಗೆಸಬೇಕು. ಕಳೆದ ಎಕ್ಸ್‌ರೇಯಲ್ಲಿ ಎಡಗಡೆಯ ಕೀಲು ಮೂರನೇ ಒಂದು ಭಾಗದಷ್ಟು ಹೊರಗೆ ಸರಿದಿದೆ. ಮಕ್ಕಳ ಮೂಳೆತಜ್ಞರಿಗೆ ತೋರಿಸಬೇಕು, ಅವರು ಜಿಲ್ಲೆಯ ಹೊರಗಿದ್ದಾರೆ. ಹುಬ್ಬಳ್ಳಿಯೋ ಮಣಿಪಾಲವೋ ಎಂದು ಮನೆಯವರು ಯೋಚಿಸುತ್ತಿದ್ದಾರೆ. ಶಸ್ತ್ರಚಿಕಿತ್ಸೆ ಎಂದಾದರೆ ತಾಯಿಯ ಎಷ್ಟು ದಿನದ ದುಡಿಮೆ ಹೋಗುತ್ತದೆ ಎಂಬ ಲೆಕ್ಕ ಅವರ ಬಳಿ ಈಗಾಗಲೇ ಇದೆ. ಆ ನಷ್ಟ ತುಂಬುವ ಯೋಜನೆ ಯಾವುದೂ ನನ್ನ ಕೈಯಲ್ಲಿಲ್ಲ.

ಪುಟ್ಟನ ತೂಕ ಏರಿದಂತೆ ಎತ್ತುವವರ ಕಷ್ಟವೂ ಏರುತ್ತಿದೆ. ಅಜ್ಜಿಯಿಂದ ಮೊದಲೇ ಆಗುತ್ತಿರಲಿಲ್ಲ, ಅಕ್ಕನಿಂದ ಎತ್ತಿಸಬಾರದು. ಸ್ನಾನದ ಕೋಣೆಗೆ ಓರೆಯಾದ ಒಂದು ಹಲಗೆ, ಅಂಗಳದಿಂದ ಒಳಕ್ಕೆ ಗಾಲಿಯ ಕುರ್ಚಿ ಬರುವಂತೆ ಹೊಸ್ತಿಲಿನ ಬದಲಾವಣೆ, ಇವೆರಡನ್ನು ಮುಂದಿನ ಮಳೆಗಾಲದಲ್ಲಿ ತಂದೆಯೇ ಮಾಡುವುದೆಂದು ಮಾತಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಆರು ವರ್ಷಕ್ಕೆ ಹತ್ತಿರದ ಶಾಲೆಯಲ್ಲಿ ಉಚಿತ ಶಿಕ್ಷಣ ಅವನ ಹಕ್ಕು. ತಾಲ್ಲೂಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಒಮ್ಮೆ ಬಂದು ನೋಡಿ, ಗೃಹಾಧಾರಿತ ಶಿಕ್ಷಣ ಅನುಕೂಲವಾಗಬಹುದು ಎಂದರು. ತಾಯಿ ಒಪ್ಪಲಿಲ್ಲ. ಮನೆಗೆ ಯಾರೋ ವಾರಕ್ಕೊಮ್ಮೆ ಬಂದು ಹೋಗುವುದು ಬೇಡ, ಅಕ್ಕನ ಶಾಲೆಗೇ ಹೋಗಲಿ ಎಂಬುದು ಅವರ ಮಾತು. ಶಾಲೆಯ ಶೌಚಾಲಯಕ್ಕೆ ನಾಲ್ಕು ಮೆಟ್ಟಿಲುಗಳಿವೆ. ಅದರ ಬಗ್ಗೆ ಶಾಲಾಭಿವೃದ್ಧಿ ಸಮಿತಿಗೆ ಅರ್ಜಿ ಬರೆದಾಗಿದೆ, ಸಹಿ ತಾಯಿಯದು.